ಬಾಕ್ಸಿನೊಳಗಿನ ಖಿನ್ನತೆ

ಖಿನ್ನತೆಯ ಬಗ್ಗೆ ಹೆಂಗಸರು ಬಾಯಿಬಿಡುವಂತೆ ಮಾಡಿದ್ದೇ ಮಹಿಳಾ ಪತ್ರಿಕೆಗಳು ಎಂಬ ಮಾತು ಈಚೆಗೆ ವಿಚಾರಸಂಕಿರಣಗಳಲ್ಲಿ ಪದೇ ಪದೇ ಕಿವಿಗೆ ಬೀಳುತ್ತಿದೆ. 2015ರಲ್ಲಿ ದೀಪಿಕಾ ಪಡುಕೋಣೆ ತಮ್ಮ ಕಾಯಿಲೆಯನ್ನು ಬಹಿರಂಗವಾಗಿ ಹೇಳಿಕೊಂಡ ಮೇಲಂತೂ ಈ ವಿಷಯಕ್ಕೆ ಪುಟಗಳ ಬರವಿಲ್ಲ. ಪುಟ ಹೆಚ್ಚಿದ್ದೇ ಸಾಧನೆ ಅನ್ನುವವರೊಡನೆ ನನ್ನ ಜಗಳವೇನೂ ಇಲ್ಲ. ಆದರೆ ಆ ಪುಟಗಳನ್ನು ಕೂತು ಓದಿದವರಿಗೆ ಹೊಗಳಿಕೆ ಅತಿಯಾಯಿತು ಅನ್ನಿಸದೆ ಇರದು.

ಮಾಸಿಕವಿರಲಿ, ದಿನಪತ್ರಿಕೆಯ ಪುರವಣಿಯಿರಲಿ, ಅಚ್ಚು ಹೆಚ್ಚೂಕಡಿಮೆ ಒಂದೇ. ಕಿಟಕಿಯ ಪಕ್ಕ ಮೊಣಕಾಲು ಅಪ್ಪಿಕೊಂಡು ಕೂತ ತರುಣಿಯ ಫೋಟೊ. ಒಂದು ಪ್ಯಾರಾದಲ್ಲಿ ಲಕ್ಷಣಗಳು, ಇನ್ನೊಂದರಲ್ಲಿ ಹಾರ್ಮೋನು. ಕೊನೆಗೆ, ಪುಟದ ಮೂಲೆಯಲ್ಲಿ, ತಿಳಿಗುಲಾಬಿ ಬಣ್ಣದ ಬಾಕ್ಸು. ಲೇಖನ ಬರೆಯುವವರಿಗೂ ಓದುವವರಿಗೂ ಅದೇ ಮುಖ್ಯ. ಕತ್ತರಿಸಿ ಇಟ್ಟುಕೊಳ್ಳುವುದೂ ಅದನ್ನೇ.

ಆ ಬಾಕ್ಸಿನ ಪಟ್ಟಿ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಪ್ರಾಣಾಯಾಮ, ಹಸಿರು ತರಕಾರಿ, ಹಳೆಯ ಗೆಳತಿಯರ ಜೊತೆ ಮಾತು, ಹೊಸದೊಂದು ಹವ್ಯಾಸ, ದಿನಕ್ಕಿಷ್ಟು ಹೊತ್ತು ತನಗಾಗಿ. ಒಂದೊಂದೂ ಒಳ್ಳೆಯ ಸಲಹೆಯೇ. ಸೌಮ್ಯ ಖಿನ್ನತೆಗೆ ನಡಿಗೆಯಿಂದ ಉಪಯೋಗವಿದೆ ಎಂಬುದನ್ನು ವೈದ್ಯರೂ ಒಪ್ಪುತ್ತಾರೆ. ಆದರೆ ಮೊದಲ ಸಲಹೆಯನ್ನೇ ಒಂದು ಮನೆಯಲ್ಲಿ ನಡೆಸಿ ನೋಡೋಣ. ಬೆಳಗಿನ ಆರರಿಂದ ಎಂಟರ ನಡುವೆ ಆಕೆ ನಡೆಯಲು ಹೋದರೆ ಮಕ್ಕಳ ಟಿಫಿನ್ ಡಬ್ಬಿ ತುಂಬುವವರು ಯಾರು? ನಲ್ಲಿ ನೀರು ಹಿಡಿಯುವವರು, ಅತ್ತೆಗೆ ಕಾಫಿ ಕೊಡುವವರು ಯಾರು? ಬಾಕ್ಸು ಉತ್ತರ ಹೇಳುವುದಿಲ್ಲ. ಆಕೆ ಅರ್ಧ ಗಂಟೆ ಮುಂಚೆ ಏಳಬೇಕು, ಅಷ್ಟೆ. ನಿದ್ದೆಗೆಟ್ಟವಳಿಗೆ ಇನ್ನೂ ಬೇಗ ಏಳು ಎನ್ನುವ ಚಿಕಿತ್ಸೆ ಇದು. ಗಂಡನಿಗೆ ಒಂದು ಕೆಲಸವನ್ನೂ ಹೇಳಿಲ್ಲ. ಆತ ಬರುವುದು ‘ಮನೆಯವರ ಸಹಕಾರವೂ ಮುಖ್ಯ’ ಎಂಬ ಧಾಟಿಯ ಕಡೆಯ ಸಾಲಿನಲ್ಲಿ, ಅದೂ ಹೆಸರಿಲ್ಲದೆ, ಬಹುವಚನದಲ್ಲಿ ಅವಿತುಕೊಂಡು. ಹೀಗೆ ಖಿನ್ನತೆಯೂ ಒಂದು ಮನೆಗೆಲಸವಾಯಿತು. ಅಡುಗೆ, ಬಟ್ಟೆ, ಮಕ್ಕಳ ಹೋಂವರ್ಕ್, ಅದರ ಮೇಲೆ ತನ್ನ ಮನಸ್ಸನ್ನು ಸರಿಮಾಡಿಕೊಳ್ಳುವ ಕೆಲಸ. ವಾಸಿಯಾಗದಿದ್ದರೆ ಆ ತಪ್ಪೂ ಅವಳದೇ.

ಇರಬೇಕಾದದ್ದು ಅಲ್ಲಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು. ಗುಣ ಕಾಣಲಿಲ್ಲವೆಂದು ಹತ್ತನೇ ದಿನಕ್ಕೇ ಮಾತ್ರೆ ಬಿಡುವವರಿಗೆ ಈ ಎರಡು ಸಾಲು ಎಷ್ಟೋ ಆಸರೆಯಾಗುತ್ತಿತ್ತು. ಥೈರಾಯ್ಡ್ ಕೊರತೆಯೂ ಇದೇ ವೇಷ ಹಾಕಿಕೊಂಡು ಬರುತ್ತದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂಬ ಮಾತಿಗೂ ಜಾಗವಿಲ್ಲ.

ತಮಾಷೆಯೆಂದರೆ, ಅದೇ ಸಂಚಿಕೆಯಲ್ಲಿ ಖಿನ್ನತೆ ಬೇರೆ ಕಡೆ ಕೂತಿರುತ್ತದೆ, ಸಂಪಾದಕರಿಗೆ ಗೊತ್ತಾಗುವುದಿಲ್ಲ. ಪ್ರಸೂತಿ ತಜ್ಞೆಯ ಪ್ರಶ್ನೋತ್ತರ ಪುಟ ತೆರೆಯಿರಿ: ಬಿಳಿಸೆರಗು, ಸೊಂಟನೋವು, ಸದಾ ಸುಸ್ತು. ಉತ್ತರ ಶುಚಿತ್ವ ಮತ್ತು ಕಬ್ಬಿಣಾಂಶ. ನಮ್ಮ ಪಕ್ಕದ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಬಿಳಿಸೆರಗಿನ ದೂರಿಗೆ ಸೋಂಕಿಗಿಂತ ಮನಸ್ಸಿನ ಸಂಕಟದ ಜೊತೆಗೇ ಹೆಚ್ಚು ನಂಟು ಕಂಡುಬಂದಿತ್ತು. ಬಾಣಂತಿಯರ ಬಗ್ಗೆ ಅವರು 2002ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಶೇ 23ರಷ್ಟು ತಾಯಂದಿರಿಗೆ ಖಿನ್ನತೆಯಿತ್ತು. ಬಡತನ, ಕೆಟ್ಟ ದಾಂಪತ್ಯ, ಹುಟ್ಟಿದ್ದು ಹೆಣ್ಣು ಎಂಬುದು ಅದರ ಹಿಂದಿದ್ದವು. ಇವುಗಳಲ್ಲಿ ಯಾವುದಕ್ಕೆ ಪ್ರಾಣಾಯಾಮ?

ನಮ್ಮ ವಿಮರ್ಶಕರ ಮೇಲೂ ನನಗೆ ಸಿಟ್ಟಿದೆ. ಒಂದು ಕಾಲಕ್ಕೆ ಹೆಂಗಸರು ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರ ವಾರಸುದಾರರೇ ಈಗ ಗುಲಾಬಿ ಬಾಕ್ಸಿಗೆ ‘ಸಬಲೀಕರಣ’ದ ಹಾರ ಹಾಕುತ್ತಿದ್ದಾರೆ. ತ್ರಿವೇಣಿಯವರನ್ನು ಜನಪ್ರಿಯ ಕಾದಂಬರಿಕಾರ್ತಿ ಎಂಬ ಕಪಾಟಿಗೆ ಸೇರಿಸಿ ಬೀಗ ಹಾಕಿದವರೂ ಇವರೇ. ತ್ರಿವೇಣಿಯವರ ‘ಶರಪಂಜರ’ ಎಂದೊಡನೆ ನಿರ್ದೇಶಕ ಪುಟ್ಟಣ್ಣನವರ 1971ರ ಸಿನಿಮಾ, ಕಲ್ಪನಾ ಅಭಿನಯ, ಅಲ್ಲಿಗೆ ಚರ್ಚೆ ಮುಗಿಯಿತು. ಕಾದಂಬರಿಯ ತರ್ಕವನ್ನು ಗಮನಿಸುವುದಿಲ್ಲ. ಬಾಣಂತನದಲ್ಲಿ ನಾಯಕಿ ಕಾವೇರಿಗೆ ಬಂದದ್ದು ಖಿನ್ನತೆಗಿಂತ ತೀವ್ರವಾದ ಕಾಯಿಲೆ, ಆದರೂ ಆಸ್ಪತ್ರೆಯಲ್ಲಿ ಅದು ಗುಣವಾಗುತ್ತದೆ. ಚಿಕಿತ್ಸೆ ಸೋಲಲಿಲ್ಲ. ಆಕೆ ಮತ್ತೆ ಕುಸಿಯುವುದು ಮನೆಗೆ ಮರಳಿದ ಮೇಲೆ: ಹುಚ್ಚಿಯೆಂಬ ಹಣೆಪಟ್ಟಿ ಹಚ್ಚಿದ ನೆರೆಹೊರೆ, ಇನ್ನೊಬ್ಬಳ ಕಡೆ ತಿರುಗಿದ ಗಂಡ. ಮನಶ್ಶಾಸ್ತ್ರ ಓದಿದ್ದ, 1963ರಲ್ಲೇ ತೀರಿಕೊಂಡ ಲೇಖಕಿ ರೋಗಿಯನ್ನು ಬಿಟ್ಟು ಮನೆಯನ್ನು ಪರೀಕ್ಷೆಗೆ ಒಡ್ಡಿದ್ದರು. ಬಾಕ್ಸು ಇಂದಿಗೂ ರೋಗಿಯನ್ನೇ ತಿದ್ದುತ್ತಿದೆ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಸರಳ ಕನ್ನಡದಲ್ಲಿ ಇದೇ ವಿಷಯ ಬರೆದಿದ್ದಾರೆ. ವೈದ್ಯರ ಹತ್ತಿರ ಹೋಗಲು ಹೆದರುವ ಎಷ್ಟೋ ಮಂದಿಗೆ ಪತ್ರಿಕೆಯ ಪ್ರಶ್ನೋತ್ತರವೇ ಮೊದಲ ಬಾಗಿಲು. ಅಂಥ ಬರಹದ ಪಕ್ಕದಲ್ಲಿಟ್ಟರೆ ಗುಲಾಬಿ ಬಾಕ್ಸಿನ ಪೊಳ್ಳು ಇನ್ನಷ್ಟು ಎದ್ದು ಕಾಣುತ್ತದೆ.

2020ರಲ್ಲಿ ದೇಶದಲ್ಲಿ 22,372 ಗೃಹಿಣಿಯರು ಆತ್ಮಹತ್ಯೆ ಮಾಡಿಕೊಂಡರೆಂದು ಸರ್ಕಾರದ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿದೆ. ಈ ಪತ್ರಿಕೆಗಳು ‘ಓದುಗ ಗೃಹಿಣಿ’ ಎಂದು ಕರೆಯುವುದು ಇಂಥವರನ್ನೇ. ಸಂಪಾದಕರೇ, ಬಾಕ್ಸು ಹಾಕಲೇಬೇಕೆಂದಿದ್ದರೆ ಮುಂದಿನ ಸಂಚಿಕೆಯಲ್ಲಿ ಗಂಡ ಮಾಡಬೇಕಾದ ಕೆಲಸಗಳ ಪಟ್ಟಿ ಹಾಕಿ. ಅದರ ಕೆಳಗೆ ದಪ್ಪಕ್ಷರದಲ್ಲಿ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಇರಲಿ: 14416. ಹಗಲುರಾತ್ರಿ ತೆರೆದಿರುತ್ತದೆ, ಕಾಸು ಬೇಡ, ಕನ್ನಡದಲ್ಲಿ ಮಾತಾಡುತ್ತಾರೆ.