ಆನೆ ಏನು ತಿಂದಿತು?

ನಾಟಕ ಕಂಪನಿಗಳ ಬಗ್ಗೆ ಬರೆಯುವವರಿಗೆ ‘ಬಣ್ಣದ ಬದುಕು’ ಎಂಬ ಮಾತು ನಾಲಿಗೆಗೇ ಅಂಟಿಬಿಟ್ಟಿದೆ. ಏಣಗಿ ಬಾಳಪ್ಪನವರ ಜೀವನಕಥನದ ಹೆಸರು ಕೂಡ ‘ಬಣ್ಣದ ಬದುಕಿನ ಚಿನ್ನದ ದಿನಗಳು’. ನನಗೆ ಈ ಮಾತಿನ ಮೇಲೆ ಕೊಂಚ ತಕರಾರು. ಬಣ್ಣ ಹಚ್ಚಿಕೊಂಡವರದು ಬಣ್ಣದ ಬದುಕು, ಸರಿ. ಅವರನ್ನೆಲ್ಲ ಊರಿಂದೂರಿಗೆ ಸಾಗಿಸಿ, ಕ್ಯಾಂಪ್ ಹಾಕಿಸಿ, ಹೊತ್ತುಹೊತ್ತಿಗೆ ಊಟ ಕಾಣಿಸುವವನದು?

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರ ಕೈಗೆ ಅದು ಬಂದದ್ದು 1917ರಲ್ಲಿ. ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವೆಂದು ನಾವು ಇವತ್ತಿಗೂ ಬಾಯ್ತುಂಬ ಹೇಳುತ್ತೇವೆ. ಆ ಆನೆ ಬೆಳಿಗ್ಗೆ ಏನು ತಿಂದಿತು, ಲದ್ದಿ ಬಳಿದವರು ಯಾರು, ಕಲೆಕ್ಷನ್ ಇಲ್ಲದ ಮಳೆಯ ರಾತ್ರಿ ಅದರ ಮೇವಿನ ದುಡ್ಡು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಮನೆ ನಡೆಸುವ ಹೆಂಗಸಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು. ಸಂತೆಬಾಚಹಳ್ಳಿಯಿಂದ ನಲವತ್ತು ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಒಂದು ದಿನದ ಮಟ್ಟಿಗೆ ಕರೆದೊಯ್ಯುವುದೆಂದರೇ ಪುಳಿಯೋಗರೆ ಬುತ್ತಿ, ವಾಂತಿ ಮಾಡುವವರಿಗೆ ನಿಂಬೆಹಣ್ಣು, ಬಸ್ಸು ನಿಂತಲ್ಲೆಲ್ಲ ತಲೆ ಎಣಿಸುವುದು. ಒಂದು ಕಂಪನಿಯನ್ನು ದಶಕಗಳ ಕಾಲ ಹೀಗೆ ತಿರುಗಿಸಿದವರನ್ನು ನೆನೆದರೆ ನನಗೆ ಬಣ್ಣ ಕಾಣುವುದಿಲ್ಲ, ಲೆಕ್ಕದ ಪುಸ್ತಕ ಕಾಣುತ್ತದೆ.

ಪರದೇಶದ ರಾಕ್ ಸಂಗೀತದವರದೂ ಇದೇ ಕಥೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿಹೋದ ಐರನ್ ಮೇಡನ್ ತಂಡ ಮರುವರ್ಷ ಮುಂಬೈಗೆ ಬಂದದ್ದು ಸಾಮಾನು ಸರಂಜಾಮು ತುಂಬಿದ ಸ್ವಂತ ಬಾಡಿಗೆಯ ವಿಮಾನದಲ್ಲಿ. ಅದನ್ನು ಹಾರಿಸುತ್ತಿದ್ದವರು ಗಾಯಕ ಬ್ರೂಸ್ ಡಿಕಿನ್ಸನ್ ಅವರೇ! ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ತಂಡದ ಜೊತೆ ತಿರುಗುವ ಟೂರ್ ಮ್ಯಾನೇಜರ್ ಎಂಬವರ ಹೆಸರು ಯಾರಿಗೆ ನೆನಪಿದೆ?

ವೀರಣ್ಣನವರು ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಈ ಬಗೆಯ ಹೆಸರುಗಳಲ್ಲೆಲ್ಲ ನನಗೆ ಒಪ್ಪಿಗೆಯಾದದ್ದು ಇದೊಂದೇ. ಕಾಯಕ ಎಂದಾಗ ಬೆವರೂ ಬಂತು, ಸಾಲವೂ ಬಂತು. ಓದುವ ಸುಖಕ್ಕಾದರೆ ಬಿ.ವಿ. ಕಾರಂತರು ಹೇಳಿ ವೈದೇಹಿಯವರು ಬರೆದುಕೊಂಡ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನೇ ನಾನು ಮೇಲಿಡುತ್ತೇನೆ. ಮಾಲೀಕರ ಕುರ್ಚಿಯಿಂದಲ್ಲ, ಮನೆ ಬಿಟ್ಟು ಓಡಿಬಂದ ಹುಡುಗನ ಕಡೆಯಿಂದ ಕಂಪನಿ ಅಲ್ಲಿ ಕಾಣುತ್ತದೆ. ಆ ಹುಡುಗನನ್ನು ಮುಂದೆ ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. ಅದು ಯಾವ ಖಾತೆಯ ಖರ್ಚೋ!

ಗಂಡಸರೇ ಸೀರೆ ಉಟ್ಟು ದ್ರೌಪದಿಯಾಗುತ್ತಿದ್ದ ಕಾಲದಲ್ಲಿ ವೀರಣ್ಣನವರು ಹೆಂಗಸರನ್ನು ರಂಗಕ್ಕೆ ತಂದರು. ಹೆಸರಿನಲ್ಲೇ ನಮ್ಮ ಜಿಲ್ಲೆಯ ಊರನ್ನು ಹೊತ್ತ ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಇವರ ಹಾಡು, ಅಭಿನಯದ ಹೊಗಳಿಕೆಗೆ ಕೊರತೆಯಿಲ್ಲ. ಕ್ಯಾಂಪ್ ಎತ್ತುವ ದಿನ ಕಂಪನಿಯ ಹೆಂಗಸರ ಟ್ರಂಕು ಕಟ್ಟಿದವರು ಯಾರು, ಬಾಣಂತಿಗೆ ಬಿಸಿನೀರು ಕಾಯಿಸಿದವರು ಯಾರು, ತಾಯಿ ರಂಗದ ಮೇಲಿದ್ದಾಗ ಕೈಗೂಸನ್ನು ತಟ್ಟಿ ಮಲಗಿಸಿದವರು ಯಾರು? ಆ ಪುಟವನ್ನು ನಾನಿನ್ನೂ ಹುಡುಕುತ್ತಿದ್ದೇನೆ.