ಬಾಗಬೇಕಾದವರು ಯಾರು? ‘ದಾವ್ ದ ಜಿಂಗ್’ನ ಮೃದುತ್ವವೂ ಕ್ರಿಸ್ತರ ಸ್ವರಿಕ್ತತೆಯೂ

ಲಾವೋತ್ಸುವಿನ ಹೆಸರಿನಲ್ಲಿ ಬಂದಿರುವ ‘ದಾವ್ ದ ಜಿಂಗ್’ 81 ಕಿರು ಅಧ್ಯಾಯಗಳ ಚೀನೀ ಗ್ರಂಥ. ಯು.ಆರ್. ಅನಂತಮೂರ್ತಿಯವರ ಅನುವಾದದಿಂದ ಅದು ಕನ್ನಡಿಗರಿಗೂ ಪರಿಚಿತವಾಗಿದೆ. ಕ್ರೈಸ್ತರಿಗೆ ಅದರೊಡನೆ ಇನ್ನೂ ಹತ್ತಿರದ ನಂಟಿದೆ. 1919ರ ಚೀನೀ ಯೂನಿಯನ್ ಬೈಬಲ್, ಸಂತ ಯೊವಾನ್ನರ ಶುಭಸಂದೇಶದ ಆರಂಭದಲ್ಲಿ ಬರುವ ‘ಲೋಗೊಸ್’ ಎಂಬ ಗ್ರೀಕ್ ಪದಕ್ಕೆ ‘ದಾವ್’ ಎಂಬುದನ್ನೇ ಬಳಸಿತು. 1937ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ನ್ಯಾಯಶಾಸ್ತ್ರಜ್ಞ ಜಾನ್ ವು ಅವರೂ ತಮ್ಮ ಹೊಸ ಒಡಂಬಡಿಕೆಯ ಅನುವಾದದಲ್ಲಿ ಅದೇ ಪದವನ್ನು ಉಳಿಸಿಕೊಂಡರು. ಈ ನಂಟಿನ ಸಲುಗೆಯಿಂದ, ಗ್ರಂಥವು ಹೇಳುವ ಬರಿದುತನವೂ ಕ್ರಿಸ್ತರ ಸ್ವರಿಕ್ತತೆಯೂ ಒಂದೇ ಎಂದುಬಿಡುವುದು ಸುಲಭ. ಆ ಸಮೀಕರಣವನ್ನು ಇಲ್ಲಿ ಪರೀಕ್ಷಿಸಬಯಸುತ್ತೇವೆ.

ಗ್ರಂಥದ ಬಲವಿರುವುದು ಅದರ ನಿತ್ಯಜೀವನದ ರೂಪಕಗಳಲ್ಲಿ. 11ನೆಯ ಅಧ್ಯಾಯದಲ್ಲಿ ಮೂವತ್ತು ಅರಗಳು ಒಂದು ಗುಂಬದಲ್ಲಿ ಸೇರುತ್ತವೆ. ಆದರೆ ಗಾಲಿ ಉರುಳುವುದು ಗುಂಬದ ನಡುವಿನ ತೆರಪಿನಿಂದ. ಮಡಕೆ ಉಪಯುಕ್ತವಾಗುವುದು ಒಳಗಿನ ಬರಿದಿನಿಂದ, ಕೋಣೆ ವಾಸಯೋಗ್ಯವಾಗುವುದು ಗೋಡೆಗಳ ನಡುವಿನ ಬಯಲಿನಿಂದ. ಈ ತಿಳಿವು ಚೀನೀ ಬದುಕಿನಲ್ಲಿ ಆಳವಾಗಿ ಇಳಿದಿದೆ. ಚಿತ್ರಕಾರನು ಬಣ್ಣ ಸೋಕಿಸದೆ ಬಿಟ್ಟ ಜಾಗವೇ ಮಂಜಾಗಿ, ನೀರಾಗಿ ಕಾಣುತ್ತದೆ. ತಾಯ್‌ಚಿ ಅಭ್ಯಾಸದಲ್ಲಿ ಎದುರಾಳಿಯ ತಳ್ಳಿಕೆಯನ್ನು ತಡೆಯದೆ ಬರಮಾಡಿಕೊಂಡವನೇ ಅದರ ದಿಕ್ಕನ್ನು ತಿರುಗಿಸುತ್ತಾನೆ. ಇಲ್ಲಿ ಸ್ವೀಕಾರಶೀಲತೆ ಎಂದರೆ ಜಡತ್ವವಲ್ಲ. ಅದು ಎಚ್ಚರವುಳ್ಳ ಶಕ್ತಿ.

ಆದರೆ ಈ ಬರಿದುತನ ಯಾವುದಕ್ಕಾಗಿ? ಗ್ರಂಥದ ಉತ್ತರ ಬಹುಮಟ್ಟಿಗೆ ಪ್ರಯೋಜನದ ಭಾಷೆಯಲ್ಲಿದೆ: ಮೃದುವಾದುದು ಕಠಿಣವಾದುದನ್ನು ಗೆಲ್ಲುತ್ತದೆ. ಆದ್ದರಿಂದಲೇ ದಂಡನೀತಿಯ ಚಿಂತಕ ಹಾನ್ ಫೇ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಇದನ್ನು ಅರಸನ ತಂತ್ರವಾಗಿ ಓದಲು ಸಾಧ್ಯವಾಯಿತು. ಅರಸನು ತನ್ನ ಇಂಗಿತವನ್ನು ತೋರಗೊಡದಿದ್ದರೆ ಮಂತ್ರಿಗಳು ಅಂಕೆಯಲ್ಲಿರುತ್ತಾರೆ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಕಾಣುವ ಕ್ರಿಸ್ತರು ಗೆಲ್ಲಲೆಂದು ಬಾಗಿದವರಲ್ಲ. ಅವರ ವಿಧೇಯತೆ ಶಿಲುಬೆಯವರೆಗೂ ಸಾಗುತ್ತದೆ. ಅವರಿಗೆ ದೊರೆತ ಔನ್ನತ್ಯ ಪಿತನ ಕೊಡುಗೆ, ತಂತ್ರದ ಫಲವಲ್ಲ. ಇದು ಮೊದಲ ವ್ಯತ್ಯಾಸ.

ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದುದು: ಬಾಗಬೇಕಾದವರು ಯಾರು? 61ನೆಯ ಅಧ್ಯಾಯ ತಗ್ಗಿರಬೇಕೆಂದು ವಿಶೇಷವಾಗಿ ಹೇಳುವುದು ದೊಡ್ಡ ರಾಜ್ಯಕ್ಕೆ. 66ನೆಯದರಲ್ಲಿ ಸಮುದ್ರವು ಕಣಿವೆಗಳ ಒಡೆತನ ಪಡೆಯುವುದು ಅವುಗಳಿಗಿಂತ ಕೆಳಗಿರುವುದರಿಂದ. ಅಂದರೆ ಮಾತು ಬಲವುಳ್ಳವರನ್ನು ಕುರಿತದ್ದು. ಕೆಲವು ಶತಮಾನಗಳ ಬಳಿಕ, ಹಾನ್ ಆಸ್ಥಾನದ ವಿದುಷಿ ಬಾನ್ ಜಾವ್ ಸ್ತ್ರೀಯರಿಗಾಗಿ ಬರೆದ ಬೋಧೆಯಲ್ಲಿ ದುರ್ಬಲತೆಯನ್ನು ಸೂಚಿಸುವ ‘ರುವೊ’ ಎಂಬ ಅದೇ ಪದ ಮೊದಲ ಅಧ್ಯಾಯದ ಶೀರ್ಷಿಕೆಯಲ್ಲಿದೆ. ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆಂದು ವಾದಿಸಿದ ಆಕೆಯೇ ಬಾಗುವಿಕೆಯನ್ನು ಹೆಣ್ಣಿನ ಧರ್ಮವಾಗಿಸಿದಳು. ಪದ ಬದಲಾಗಲಿಲ್ಲ, ಬಾಗುವವರು ಬದಲಾದರು. ಅರಸನಿಗೆ ವಿವೇಕವಾಗಿದ್ದುದು ಸೊಸೆಗೆ ಹೊರೆಯಾಯಿತು.

ಇಂಥ ಪಲ್ಲಟ ಚೀನಾಕ್ಕೆ ಮಾತ್ರ ಸೇರಿದ್ದಲ್ಲ. ಮನೆಯಲ್ಲಿ ಪೆಟ್ಟು ತಿನ್ನುವ ಹೆಂಗಸಿಗೆ ಕ್ರಿಸ್ತರ ತಾಳ್ಮೆಯನ್ನು ಬೋಧಿಸಿ, ಪೆಟ್ಟು ಕೊಡುವವನಿಗೆ ಏನನ್ನೂ ಹೇಳದೆ ಕಳುಹಿಸುವ ಬೋಧಕನು ಪೌಲರ ಸ್ತೋತ್ರವನ್ನು ತಲೆಕೆಳಗಾಗಿ ಓದುತ್ತಾನೆ. ಆ ಸ್ತೋತ್ರದಲ್ಲಿ ತನ್ನನ್ನು ಬರಿದುಮಾಡಿಕೊಳ್ಳುವುದು ದೇವಸ್ವರೂಪದಲ್ಲಿದ್ದವನು, ಸ್ವಇಚ್ಛೆಯಿಂದ, ಪ್ರೀತಿಯಿಂದ. ಮೊದಲೇ ಬರಿದಾಗಿಸಲ್ಪಟ್ಟವರಿಗೆ ಸ್ವರಿಕ್ತತೆಯನ್ನು ವಿಧಿಸಲು ಅಲ್ಲಿ ಆಧಾರವಿಲ್ಲ.

ಹಾಗಾಗಿ ಎರಡು ಪಠ್ಯಗಳೂ ಒಂದೇ ಎನ್ನಲು ನಾವು ಒಪ್ಪುವುದಿಲ್ಲ. ಆದರೂ ‘ದಾವ್ ದ ಜಿಂಗ್’ ಗುರುಮಠದ ಓದಿನಲ್ಲಿ ಇರಬೇಕೆಂದೇ ನಮ್ಮ ಅಭಿಪ್ರಾಯ. ತಗ್ಗುವ ಕರೆ ಮೊದಲು ಎತ್ತರದಲ್ಲಿ ಕುಳಿತವರಿಗೆ ಎಂಬುದನ್ನು ಅದು ನೆನಪಿಸುತ್ತದೆ. ಪೀಠದ ಮೇಲೆ ನಿಂತು ಬೋಧಿಸುವವರೂ ಆ ಸಾಲಿನಲ್ಲಿದ್ದಾರೆ.