ಆರು ಪರ್ಸೆಂಟಿನ ಆಸೆ, ಹದಿನೆಂಟು ವರ್ಷದ ಲೆಕ್ಕ

ನಿವೃತ್ತಿ ಹತ್ತಿರ ಬಂತೆಂದರೆ ಡಿವಿಡೆಂಡ್ ಯೀಲ್ಡ್ ಹೆಚ್ಚಿರುವ ಷೇರುಗಳ ಪಟ್ಟಿ ಹುಡುಕಿ, ಎಲ್ಲಕ್ಕಿಂತ ಮೇಲಿರುವುದನ್ನೇ ಕೊಳ್ಳುವವರಿದ್ದಾರೆ. ನಾನು ಆ ಪಟ್ಟಿಯನ್ನು ಅನುಮಾನದಿಂದಲೇ ಓದುತ್ತೇನೆ. ವೇದಾಂತ 2022–23ರಲ್ಲಿ ಐದು ಕಂತುಗಳಲ್ಲಿ ಷೇರಿಗೆ 101.50 ರೂಪಾಯಿ ಹಂಚಿತು. ಷೇರಿನ ಬೆಲೆ ಮುನ್ನೂರರ ಆಸುಪಾಸು, ಯೀಲ್ಡ್ ಶೇ 30 ದಾಟಿತ್ತು! ಸಾಲ ತೀರಿಸಲು ಅದರ ಮಾತೃಸಂಸ್ಥೆಗೆ ದುಡ್ಡು ಬೇಕಿತ್ತು. ಮರುವರ್ಷ ಸಿಕ್ಕಿದ್ದು 29.50.

ಸರ್ಕಾರಿ ಕಂಪನಿಯಾದರೆ ಭದ್ರ ಎನ್ನುವಿರಾ? ಕೋಲ್ ಇಂಡಿಯಾ 2013–14ಕ್ಕೆ 29 ರೂಪಾಯಿ ಕೊಟ್ಟಿತ್ತು, 2019–20ಕ್ಕೆ 12. ಆಮೇಲೆ ಚೇತರಿಸಿಕೊಂಡು 2022–23ಕ್ಕೆ 24.25 ಕೊಟ್ಟಿತು, ನಿಜ. ಅಲ್ಲಿಯವರೆಗೆ ಔಷಧದ ಅಂಗಡಿಯವರು ಸಾಲ ಕೊಡಬೇಕಲ್ಲ!

ಬೆಂಗಳೂರಿನ ಇನ್ಫೊಸಿಸ್‌ನದು ಬೇರೆ ದಾರಿ. 2020ರ ಏಪ್ರಿಲ್ ಕೊನೆಯಲ್ಲಿ ಷೇರಿಗೆ ಸುಮಾರು 700 ರೂಪಾಯಿ, ಅದಕ್ಕೆ ಹಿಂದಿನ ತಿಂಗಳು ಮುಗಿದ 2019–20ರ ಡಿವಿಡೆಂಡ್ 17.50. ಯೀಲ್ಡ್ ಬರೀ ಎರಡೂವರೆ. 2024–25ಕ್ಕೆ ಅದು ಕೊಟ್ಟಿದ್ದು 43. ಅಂದು ಕೊಂಡವರಿಗೆ ಹಾಕಿದ ದುಡ್ಡಿನ ಮೇಲೆ ಶೇ 6 ದಾಟಿತು.

ಹಾಗಾದರೆ ಎಲ್ಲರೂ ಬೆಳೆಯುವ ಡಿವಿಡೆಂಡನ್ನೇ ಹಿಡಿಯಬೇಕೆ? ಇಲ್ಲಿ ಕಾಗದ ಪೆನ್ನು ಬೇಕು. ಒಂದು ಲಕ್ಷಕ್ಕೆ ವರ್ಷಕ್ಕೆ 6,000 ರೂಪಾಯಿ ಕೊಟ್ಟು, ಅಲ್ಲೇ ನಿಂತುಬಿಡುವ ಷೇರೊಂದು. ಮೊದಲ ವರ್ಷ 2,000 ಕೊಟ್ಟು, ವರ್ಷವರ್ಷ ಶೇ 12 ಏರಿಸುವ ಷೇರು ಇನ್ನೊಂದು. ಎರಡನೆಯದರ ವಾರ್ಷಿಕ ಮೊತ್ತ ಮೊದಲನೆಯದನ್ನು ಮೀರುವುದು ಹನ್ನೊಂದನೇ ವರ್ಷ. ಕೈಗೆ ಬಂದ ಒಟ್ಟು ಹಣ ಮೀರುವುದಂತೂ ಹದಿನೆಂಟನೇ ವರ್ಷ! ಅದೂ ಒಂದು ವರ್ಷವೂ ತಪ್ಪದೆ ಶೇ 12 ಏರಿದರೆ. ಬೆಳವಣಿಗೆಯ ಗುಣಗಾನ ಮಾಡುವ ನಮ್ಮಂಥವರು ಈ ಹದಿನೆಂಟನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಡಿವಿಡೆಂಡ್ ಏರಿದಂತೆ ಷೇರಿನ ಬೆಲೆಯೂ ಏರುವುದುಂಟು. ಆದರೆ ಆ ಲಾಭ ಕೈಸೇರಬೇಕಾದರೆ ಷೇರು ಮಾರಬೇಕು, ಅದಕ್ಕೆ ಬಹಳ ಹಿರಿಯರ ಮನಸ್ಸು ಒಪ್ಪುವುದಿಲ್ಲ.

ನಲವತ್ತರ ಆಸುಪಾಸಿನವರಿಗೆ ನನ್ನ ಮತ ಎರಡನೆಯದಕ್ಕೇ. ಅವರಿಗೆ ಕಾಲವಿದೆ, ಸಂಬಳವೂ ಇದೆ. 2020ರ ಏಪ್ರಿಲ್‌ನಿಂದ ಡಿವಿಡೆಂಡಿಗೆ ಷೇರುದಾರರೇ ತಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಕಟ್ಟಬೇಕು. ಶೇ 30ರ ಸ್ಲ್ಯಾಬಿನಲ್ಲಿರುವವರಿಗೆ 6,000ದಲ್ಲಿ ಉಳಿಯುವುದು 4,200, ಸೆಸ್ ಬೇರೆ. ಅರವತ್ತೈದು ದಾಟಿ, ಆದಾಯ ತೆರಿಗೆಯ ಮಿತಿಯೊಳಗಿರುವವರು ಮೊದಲನೆಯದನ್ನು ಆರಿಸಿದರೆ ನನ್ನ ತಕರಾರಿಲ್ಲ. ಕೊಳ್ಳುವ ಮುನ್ನ ಕಂಪನಿಯ ಹತ್ತು ವರ್ಷದ ಡಿವಿಡೆಂಡನ್ನು ರೂಪಾಯಿ ಲೆಕ್ಕದಲ್ಲಿ ಸಾಲಾಗಿ ಬರೆದು, ‘ವಿಶೇಷ’ ಎಂದು ಕೊಟ್ಟಿದ್ದನ್ನೆಲ್ಲ ಹೊಡೆದುಹಾಕಿ, ಉಳಿದದ್ದಕ್ಕೆ ಯೀಲ್ಡ್ ಹಾಕಿಕೊಳ್ಳಲಿ.